ಅತ್ತೆ ಓದಿದ ನಾಲ್ಕು ಪುಟ

"ಇಷ್ಟೊಂದ್ ಹುಡ್ಗೀರು ಯಾಕವ್ವಾ ಒಂದೇ ಹಾಳೇಲಿ?"

ನಮ್ಮ ಕಾಮಿಕ್ಸಿನ ಮೊದಲ ಪುಟ ನೋಡಿ ನಮ್ಮತ್ತೆ ಕೇಳಿದ್ದು ಇಷ್ಟು. ಪುಟದಲ್ಲಿ ಆರು ಚೌಕಗಳಿದ್ದವು. ಆರರಲ್ಲೂ ಇದ್ದವಳು ಒಬ್ಬಳೇ ಹುಡುಗಿ. ಏಳುತ್ತಾಳೆ, ಮುಖ ತೊಳೆಯುತ್ತಾಳೆ, ಮುದ್ದೆ ಉಣ್ಣುತ್ತಾಳೆ, ಮೇಕೆಮರಿಯ ಹಗ್ಗ ಬಿಚ್ಚುತ್ತಾಳೆ, ಬೆಟ್ಟದ ದಾರಿ ಹಿಡಿಯುತ್ತಾಳೆ, ತಿರುಗಿ ಒಮ್ಮೆ ಮನೆ ನೋಡುತ್ತಾಳೆ. ನಮಗೆ ಅದು ಒಂದು ಬೆಳಗು. ಅತ್ತೆಗೆ ಅದು ಆರು ಜನ ಅಕ್ಕತಂಗಿಯರಿರುವ ಮನೆ. "ಒಬ್ಬೊಬ್ಳೂ ಒಂದೊಂದ್ ಕೆಲ್ಸ ಹಿಡ್ದವ್ರೆ. ಮನೆ ಚೆನ್ನಾಗ್ ನಡೀತೈತೆ" ಎಂದು ಸರ್ಟಿಫಿಕೇಟು ಕೊಟ್ಟು, ಅವರೆಕಾಯಿ ಸುಲಿಯುವುದಕ್ಕೆ ಕೂತರು.

ನಾನು ನಕ್ಕೆ. ಚಿತ್ರ ಬರೆದವಳು ನಗಲಿಲ್ಲ. ಹಾಳೆ ಕೈಗೆ ತೆಗೆದುಕೊಂಡು ಆರೂ ಮುಖಗಳನ್ನು ಒಂದೊಂದಾಗಿ ನೋಡಿದಳು. "ಅಜ್ಜಿ ಹೇಳೋದು ಸರಿ ಮೇಡಂ. ಮೂರನೇ ಚೌಕದಲ್ಲಿ ಜಡೆ ಬೇರೆ ಥರ ಐತೆ. ಲಂಗದ ಅಂಚೂ ತಪ್ಪೈತೆ. ಒಬ್ಳೇ ಅಂತ ಅವ್ರು ಯಾಕ್ ನಂಬ್ಬೇಕು?" ಎಂದಳು. ಮುಂದಿನ ಭಾನುವಾರ ಪುಟವನ್ನು ಹೊಸದಾಗಿ ಬರೆದುಕೊಂಡು ಬಂದಳು. ಈ ಸಲ ಹುಡುಗಿಗೆ ಒಂದೇ ಜಡೆ, ಒಂದೇ ಕಿವಿಗೆ ಓಲೆ. ಅತ್ತೆ ಚೌಕಗಳನ್ನು ಬೆರಳಿನಿಂದ ಮುಟ್ಟುತ್ತಾ ಹೋದರು. "ಓಹೋ, ಇವ್ಳೇ ಇವ್ಳು. ಇಲ್ಲಿ ಎದ್ಲು. ಇಲ್ಲಿ ಉಂಡ್ಲು. ಇಲ್ಲಿ ಹೊಂಟ್ಲು. ಇನ್ನೊಂದ್ ಓಲೆ ಎಲ್ಲಿ ಕಳ್ಕಂಡ್ಲು, ಕತ್ತೆ ಮುಂಡೇದು."

ಹೀಗೆ ಅಕ್ಷರ ಬಾರದ ನಮ್ಮತ್ತೆ ನಮ್ಮ ಪುಸ್ತಕದ ಮೊದಲ ಓದುಗರಾದರು.

ನಾವು ಮೂರು ಜನ. ನಾನು ರಾಮನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಚಿತ್ರದವಳು ಚನ್ನಪಟ್ಟಣದವಳು. ಬೊಂಬೆ ಮಾಡುವ ಕಡೆ ಕೆಲಸ, ಮರದ ಬೊಂಬೆಗಳಿಗೆ ಕಣ್ಣು, ಹುಬ್ಬು, ಬಾಯಿ ಬಿಡಿಸುವುದು. ಬೆಳಗಿನಿಂದ ಸಂಜೆವರೆಗೆ ಅವಳ ಕೈಯಲ್ಲಿ ಮುಖಗಳೇ, ಎಲ್ಲವೂ ನಗುವ ಮುಖಗಳು. ಒಂದಾದರೂ ಅಳುವ ಮುಖ ಬರೆಯಬೇಕು ಅನ್ನುವುದು ಅವಳು ಕಾಮಿಕ್ಸಿಗೆ ಬಂದ ಕಾರಣ. ಮೂರನೆಯವನು ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವವನು. ಬಣ್ಣ ತುಂಬುವುದು, ಅಕ್ಷರ ಕೂರಿಸುವುದು, ಪುಟ ಕಟ್ಟುವುದು ಎಲ್ಲ ಅವನ ಹಳೇ ಲ್ಯಾಪ್‌ಟಾಪಿನಲ್ಲಿ. ಕನಕಪುರದಲ್ಲಿ ನಡೆದ ಒಂದು ಮಕ್ಕಳ ಬೇಸಿಗೆ ಶಿಬಿರದಲ್ಲಿ ನಾನು ಕಥೆ ಹೇಳಲು ಹೋಗಿದ್ದೆ, ಅವಳು ಚಿತ್ರ ಕಲಿಸಲು ಬಂದಿದ್ದಳು, ಅವನು ಮಗಳನ್ನು ಬಿಟ್ಟುಹೋಗಲು ಬಂದವನು ಮಗಳು ಹೋಗಪ್ಪಾ ಅಂದರೂ ಹೋಗದೆ ಹಿಂದಿನ ಸಾಲಿನಲ್ಲಿ ಕೂತಿದ್ದ. ಶಿಬಿರ ಮುಗಿಯುವ ಹೊತ್ತಿಗೆ ಮೂವರೂ ಸೇರಿ ಒಂದು ಕಾಮಿಕ್ಸ್ ಮಾಡುವುದೆಂದು ಮಾತಾಗಿತ್ತು. ಎಲ್ಲರಿಗೂ ನಡುವಿನ ಊರೆಂದು ಭಾನುವಾರಗಳಂದು ನಮ್ಮ ಮನೆಯ ಜಗಲಿಯಲ್ಲಿ ಸೇರತೊಡಗಿದೆವು. ಅವನು ಬರುವಾಗ ತಟ್ಟೆ ಇಡ್ಲಿ ಪಾರ್ಸಲ್ ತರುತ್ತಿದ್ದ, ಅವಳು ಬಣ್ಣದ ವಾಸನೆ ತರುತ್ತಿದ್ದಳು.

ನಾನು ಏನು ತರುತ್ತಿದ್ದೆ? ಮಾತು. ಅದೂ ಮೂಟೆಗಟ್ಟಲೆ. ಹದಿನೈದು ವರ್ಷದಿಂದ ಕಥೆ ಬರೆದು ಪತ್ರಿಕೆಗಳಿಗೆ ಕಳಿಸಿದವಳು ನಾನು. ಅಚ್ಚಾದದ್ದು ಎರಡು, ಅದರಲ್ಲೊಂದಕ್ಕೆ ಬೇರೆ ಯಾರದೋ ಹೆಸರು ಬಿದ್ದಿತ್ತು. ಈ ಪುಸ್ತಕದಲ್ಲಾದರೂ ನನ್ನ ಮಾತನ್ನು ನಾಲ್ಕು ಜನ ಓದಿ, ಭಲೇ ಅನ್ನಬೇಕು ಎಂಬ ಆಸೆ ನನಗಿತ್ತು. ಆಸೆ ಎಂದರೆ ಸಾಲದು, ಹಸಿವು. ಹಾಗಾಗಿ ಪಾತ್ರಗಳ ಬಾಯಿಂದ ಹೊರಡುವ ಬಲೂನುಗಳಿಗೆ ನಾನು ಬರೆದುಕೊಟ್ಟ ಮಾತು ತುಂಬಿಸಿದರೆ ಚೌಕದಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ. ಬಿಡದಿಯವನು ಒಂದು ದಿನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಮೇಡಂ, ಚಿರತೆ ಕೂರಕ್ಕೆ ಒಸಿ ಜಾಗ ಬುಡಿ" ಎಂದ. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಹೋಗುವುದು ನಿಧಾನ.

ಚಿರತೆ ನಮ್ಮ ಕಥೆಯ ಖಳನಾಯಕ. ನಮ್ಮ ಕಡೆ ಚಿರತೆ ಬಂತೆಂದರೆ ಅದು ಸುದ್ದಿಯೂ ಅಲ್ಲ, ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೋ ಇದ್ದೇ ಇರುತ್ತದೆ. ನಾನು ಬರೆದ ಕಥೆಯಲ್ಲಿ ಒಬ್ಬ ಹುಡುಗಿ ಮೇಕೆಮರಿ ಹೊಡೆದುಕೊಂಡು ಬೆಟ್ಟಕ್ಕೆ ಹೋಗುತ್ತಾಳೆ, ಚಿರತೆ ಬರುತ್ತದೆ, ಓಡಿಹೋಗಿ ಊರವರನ್ನು ಕರೆತರುತ್ತಾಳೆ, ಕೊಳ್ಳಿ ಹಿಡಿದು ಚಿರತೆಯನ್ನು ಅಟ್ಟುತ್ತಾಳೆ, ಮರಿ ಉಳಿಯುತ್ತದೆ, ಊರು ಹಾಡಿ ಹೊಗಳುತ್ತದೆ. ಈಗ ಹೇಳುವುದಕ್ಕೇ ನಾಚಿಕೆ. ಆಗ ಮಾತ್ರ ಭಾರೀ ಕಥೆ ಎಂದುಕೊಂಡಿದ್ದೆ.

ಅತ್ತೆಯ ಪರೀಕ್ಷೆ ನಮ್ಮ ಕೆಲಸದ ಕ್ರಮವೇ ಆಗಿಹೋಯಿತು. ಬಲೂನುಗಳನ್ನು ಖಾಲಿ ಬಿಟ್ಟು ಪುಟ ಬರೆಯುವುದು, ಅತ್ತೆಯ ಮುಂದೆ ಹಿಡಿಯುವುದು. ಅವರು ಕಥೆ ಹೇಳಿದರೆ ಪುಟ ಪಾಸು. ಎಲ್ಲಾದರೂ ತಡವರಿಸಿದರೆ ಚಿತ್ರ ಮತ್ತೆ ಬರೆಯುವುದು. ಪಾಸಾದ ಪುಟಕ್ಕೆ ಮಾತ್ರ ನನ್ನ ಮಾತು. ಅತ್ತೆಗೂ ಅದರ ರುಚಿ ಹತ್ತಿತು. ಮೊದಮೊದಲು ಪುಟದಲ್ಲಿ ದೊಡ್ಡ ಚಿತ್ರ ಯಾವುದೋ ಅಲ್ಲಿಂದ ಶುರು ಮಾಡುತ್ತಿದ್ದವರು, ನಾಲ್ಕಾರು ವಾರದಲ್ಲಿ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓದುವುದು ಕಲಿತರು. ಭಾನುವಾರ ಬೆಳಗ್ಗೆಯೇ ತಲೆ ಬಾಚಿ, ಕನ್ನಡಕ ಒರೆಸಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. "ಇವತ್ತು ಎಷ್ಟ್ ಹಾಳೆ ತಂದಿದ್ದೀಯವ್ವಾ?" ಎಂದು ಚನ್ನಪಟ್ಟಣದವಳನ್ನು ಕೇಳುವಾಗ ಅವರ ದನಿಯಲ್ಲಿ ಇನ್‌ಸ್ಪೆಕ್ಟರ ಗತ್ತು ಇರುತ್ತಿತ್ತು. ಸೊಸೆಯಾಗಿ ಬಂದು ಇಷ್ಟು ವರ್ಷದಲ್ಲಿ ಅತ್ತೆಯೂ ನಾನೂ ಒಂದೇ ಕೆಲಸಕ್ಕೆ ತಲೆ ಬಗ್ಗಿಸಿ ಕೂತಿದ್ದು ಅಡಿಗೆಮನೆಯ ಹೊರಗೆ ಅದೇ ಮೊದಲು. ನನಗೆ ಅದು ಇಷ್ಟವಾಗಿತ್ತು.

ಹನ್ನೊಂದನೇ ಪುಟದಲ್ಲಿ ಹುಡುಗಿ ಓಡುತ್ತಾಳೆ. ಹಿಂದೆ ಬಂಡೆಯ ಮೇಲೆ ಚಿರತೆ, ಗಿಡದ ಬುಡಕ್ಕೆ ಕಟ್ಟಿದ ಮರಿ. ಅತ್ತೆ ಆ ಪುಟವನ್ನು ತುಂಬ ಹೊತ್ತು ನೋಡಿದರು.

"ಇವ್ಳು ಮರೀನ ಬುಟ್ಬುಟ್ಟು ಓಡ್ತಾವ್ಳೆ" ಎಂದರು.

"ಇಲ್ಲ ಅತ್ತೆ, ಊರವರನ್ನ ಕರೆಯೋದಕ್ಕೆ ಹೋಗ್ತಿದಾಳೆ" ಎಂದೆ.

"ಮೊಕ ನೋಡು. ಜನ ಕರ್ಯಾಕ್ ಹೋಗೋ ಮೊಕವಾ ಇದು?"

ನಾನು ಚಿತ್ರದವಳ ಕಡೆ ನೋಡಿದೆ. ಅವಳು ಹೆಗಲು ಕುಣಿಸಿ, "ಓಡೋವಾಗ ಎದ್ರಿಕೆ ತಾನೆ ಮೇಡಂ ಇರೋದು? ನಾನು ಎದ್ರಿಕೆ ಬರ್ದೆ" ಎಂದಳು. ಅತ್ತೆ ಹಾಳೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು. ಆ ಪುಟ ಪಾಸೋ ಫೇಲೋ ಹೇಳಲಿಲ್ಲ.

ಅವತ್ತು ಸಂಜೆ ಇಬ್ಬರೂ ಅಡಿಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಅದು ಮಾತಿಗೆ ಹೇಳಿಮಾಡಿಸಿದ ಕೆಲಸ, ಕೈಗೆ ಕೆಲಸ, ಕಣ್ಣು ಕೆಳಗೆ. ಅತ್ತೆ ತಲೆ ಎತ್ತದೆ ಹೇಳಿದರು.

ಮಾಗಡಿ ಸೀಮೆಯ ತಿಪ್ಪಸಂದ್ರದ ಕಡೆಯದು ಅವರ ತವರು. ಅತ್ತೆಗೆ ಆಗ ಒಂಬತ್ತೋ ಹತ್ತೋ ವಯಸ್ಸು, ಅಣ್ಣನಿಗೆ ಹದಿಮೂರು. ತಾಯಿ ಸತ್ತ ಒಂದು ಮೇಕೆಮರಿಯನ್ನು ಅತ್ತೆಯೇ ಬಟ್ಟೆ ಅದ್ದಿ ಹಾಲು ಕುಡಿಸಿ ಸಾಕಿದ್ದರು. ಒಂದು ಮಧ್ಯಾಹ್ನ ಬೆಟ್ಟದ ತಪ್ಪಲಿನಲ್ಲಿ ಅಣ್ಣ ಮರಿಯನ್ನು ಗಿಡಕ್ಕೆ ಕಟ್ಟಿ, ನೋಡ್ಕೋ ಎಂದು ಹೇಳಿ ಸೊಪ್ಪು ಕೊಯ್ಯಲು ಹೋದ. ಚಿರತೆ ಬಂತು. ಅತ್ತೆ ಓಡಿದರು.

"ಕೂಗ್ಲೂ ಇಲ್ಲ ಕಣವ್ವ. ಕೂಗಿದ್ರೆ ಅಣ್ಣ ಬತ್ತಿದ್ದ. ಬಾಯೇ ಬರ್ಲಿಲ್ಲ. ಪೊದೆ ಮರೇಲಿ ಕೂತ್ಕಂಡಿದ್ದೆ. ಮರಿ ಕೂಗೋದ್ ಕೇಳ್ತು. ಆಮೇಲ್ ಅದೂ ನಿಂತೋಯ್ತು."

ಹೊರಗೆ ಬಂದು ನೋಡಿದರೆ ಮರಿ ಇಲ್ಲ. ಹರಿದ ಹಗ್ಗದ ತುಂಡು ಗಿಡದಲ್ಲಿ ನೇತಾಡುತ್ತಿತ್ತು. ಅಣ್ಣ ಕಟ್ಟಿದ ಗಂಟು ಹಾಗೇ ಇತ್ತು. ಅಪ್ಪ ಬಂದು ಈ ಗಂಟು ನೋಡಿದರೆ, ಕಟ್ಟಿಹಾಕಿದ ಮರಿಯನ್ನು ಬಿಟ್ಟು ಓಡಿದವಳು ನೀನು ಅನ್ನುತ್ತಾನೆ ಎಂದು ಆ ಹುಡುಗಿಗೆ ಹೊಳೆಯಿತು. ಅವಳು ಗಂಟು ಬಿಚ್ಚಲು ಕೂತಳು. ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತುಂಡು ಹಗ್ಗವನ್ನು ಬಂಡೆ ಸಂದಿಗೆ ಎಸೆದು ಮನೆಗೆ ಹೋಗಿ, ಅಣ್ಣ ಕಟ್ಟಿದ್ದು ಬಿಚ್ಚಿಹೋಯಿತು, ಮರಿ ತಪ್ಪಿಸಿಕೊಂಡು ಹೋಗಿ ಚಿರತೆ ಬಾಯಿಗೆ ಬಿತ್ತು ಎಂದಳು.

ಏಟು ಅಣ್ಣನಿಗೆ ಬಿತ್ತು. ಹುಣಸೆ ಬರಲು ಮುರಿಯುವ ತನಕ.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಅತ್ತೆಯ ಈ ಅಣ್ಣನನ್ನು ನಾವೆಲ್ಲ ದೊಡ್ಡಮಾವ ಅನ್ನುತ್ತೇವೆ, ಅವರು ಈಗಲೂ ಅದೇ ಊರಿನಲ್ಲಿದ್ದಾರೆ. ನಾನು ಮದುವೆಯಾಗಿ ಬಂದ ಮೊದಲ ವಾರವೇ ಈ ಮನೆತನದ ಒಂದು ಗಾದೆ ಕಲಿತೆ. ಚಪ್ಪರದ ಬಾಳೆಕಂದು ವಾಲಿದರೆ, ಮೂಟೆಯ ಬಾಯಿ ಬಿಚ್ಚಿದರೆ, ಮಗುವಿನ ಚಡ್ಡಿ ಜಾರಿದರೆ "ದೊಡ್ಡಮಾವನ ಗಂಟು" ಅನ್ನುವುದು, ಎಲ್ಲರೂ ನಗುವುದು. ಅವರ ಅಪ್ಪ ಬದುಕಿರುವವರೆಗೂ ಮಗನಿಗೆ ಎತ್ತು ಕಟ್ಟಲು ಬಿಡಲಿಲ್ಲವಂತೆ, ಗಾಡಿಗೆ ಹೇರಿದ ಹುಲ್ಲಿಗೆ ಹಗ್ಗ ಬಿಗಿಯಲು ಬಿಡಲಿಲ್ಲವಂತೆ. ದೊಡ್ಡಮಾವನ ಮೊದಲ ಮಗುವಿನ ತೊಟ್ಟಿಲ ಶಾಸ್ತ್ರದ ದಿನ ಅವರು ಕಟ್ಟಿದ ತೊಟ್ಟಿಲ ಹಗ್ಗವನ್ನು ಅಪ್ಪ ನೆಂಟರ ಮುಂದೆಯೇ ಬಿಚ್ಚಿ ಮತ್ತೆ ಕಟ್ಟಿದರಂತೆ. ಇದನ್ನೂ ತಮಾಷೆಯಾಗಿಯೇ ಹೇಳುತ್ತಿದ್ದರು. ದೊಡ್ಡಮಾವ ಕೂಡ ನಗುತ್ತಿದ್ದರು. ಅವರು ಊರಿಂದ ಕಳಿಸುವ ತೆಂಗಿನಕಾಯಿ ಚೀಲಕ್ಕೆ ಮೂರು ನಾಲ್ಕು ಗಂಟು ಹಾಕಿರುತ್ತಾರೆ, ಕುಡುಗೋಲಿಲ್ಲದೆ ತೆಗೆಯಲಾಗುವುದಿಲ್ಲ. ಅದಕ್ಕೂ ನಾವು ನಗುತ್ತಿದ್ದೆವು. ಅತ್ತೆಯ ಬಾಯಲ್ಲಿ ಮಾತ್ರ ಆ ಗಾದೆಯನ್ನು ನಾನು ಕೇಳಿಯೇ ಇರಲಿಲ್ಲ ಅನ್ನುವುದು ಅವತ್ತು, ಅವರೆಕಾಳಿನ ಬಟ್ಟಲ ಮುಂದೆ, ನನಗೆ ಹೊಳೆಯಿತು.

"ಅಣ್ಣಂಗ್ ಗೊತ್ತಿಲ್ಲ. ಯಾರ್ಗೂ ಗೊತ್ತಿಲ್ಲ. ಇವತ್ತು ಆ ಮಗಾ ಬರ್ದಿದ್ದ ಮೊಕ ನೋಡ್ದೆ, ಬಾಯಿಗ್ ಬಂದ್ಬುಡ್ತು" ಎಂದರು ಅತ್ತೆ. ಯಾರಿಗೂ ಹೇಳಬೇಡ ಎನ್ನಲಿಲ್ಲ. ಹಾಗೆ ಹೇಳಬೇಕಾದ ಅಗತ್ಯವಿದೆ ಎಂದು ಅವರಿಗೆ ಅನ್ನಿಸಿರಲಾರದು.

ಮಾರನೆಯ ದಿನ ಸ್ಕೂಲಿನಲ್ಲಿ ಬಿಡುವಿನ ಪೀರಿಯಡ್ಡಿನಲ್ಲಿ ನಾನು ಅದನ್ನು ಬರೆದೆ. ನಾಲ್ಕು ಪುಟ. ನನ್ನ ಕೊಳ್ಳಿ ಹಿಡಿದ ಧೀರ ಹುಡುಗಿಯನ್ನು ಹೊಡೆದು ಹಾಕಿ, ಹಲ್ಲಿನಿಂದ ಗಂಟು ಬಿಚ್ಚುವ ಹುಡುಗಿಯನ್ನು ತಂದೆ. ಅಣ್ಣನನ್ನು ಮಾತ್ರ ಚಿಕ್ಕಪ್ಪ ಮಾಡಿದೆ, ಊರಿನ ಹೆಸರು ತೆಗೆದೆ, ಮುಖ ಮುಚ್ಚಿದ ಹಾಗಾಯಿತು ಎಂದುಕೊಂಡೆ. ಬಲೂನುಗಳಿಗೆ ಬರೆದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಕೈ ನನಗೇ ಹೊಸದಾಗಿತ್ತು. ಹದಿನೈದು ವರ್ಷ ಬರೆದದ್ದೆಲ್ಲ ಇದರ ಮುಂದೆ ಜೊಳ್ಳು. ವಾಟ್ಸಾಪಿನಲ್ಲಿ ಇಬ್ಬರಿಗೂ ಕಳಿಸಿದೆ. ಬಿಡದಿಯವನು ರಾತ್ರಿ ಪಾಳಿಗೆ ಹೋಗುವ ಬಸ್ಸಿನಿಂದಲೇ ಫೋನು ಮಾಡಿ, "ಮೇಡಂ, ಇದು ಕಣ್ರೀ ಕಥೆ. ಎಲ್ಲಿಂದ ಹೊಳೀತು?" ಎಂದ. "ಹಾಗೇ ಹೊಳೀತು" ಎಂದೆ.

ಅತ್ತೆಯನ್ನು ಕೇಳಬೇಕು ಎಂದು ನನಗೆ ಅನ್ನಿಸಲಿಲ್ಲವೇ? ಅನ್ನಿಸಿತು. ಅನ್ನಿಸಿದ ಕೂಡಲೇ ಇನ್ನೊಂದು ಯೋಚನೆ ಅದರ ಬಾಯಿ ಮುಚ್ಚಿತು. ಅವರಿಗೆ ಓದಲು ಬರುವುದಿಲ್ಲವಲ್ಲ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ದಿನಾ ನಲವತ್ತು ಮಕ್ಕಳಿಗೆ ಅಕ್ಷರ ಜ್ಞಾನದ ಹಿರಿಮೆ ಹೇಳುವ ನಾನು, ನನ್ನ ಮನೆಯ ಒಬ್ಬ ಹೆಂಗಸಿಗೆ ಅಕ್ಷರ ಬಾರದ್ದನ್ನು ನನ್ನ ಅನುಕೂಲಕ್ಕೆ ಬಳಸಿಕೊಂಡೆ. ಜೊತೆಗೆ ಪೆದ್ದುತನವೂ ಇತ್ತು. ಮಾತಿಲ್ಲದೆ ಪುಟ ಓದುವುದನ್ನು ತಿಂಗಳುಗಟ್ಟಲೆ ಕೂತು ಅವರಿಗೆ ಕಲಿಸಿದವರು ನಾವೇ ತಾನೆ.

ಮೂರು ವಾರದ ಮೇಲೆ ಪುಟಗಳು ಬಂದವು. ಅತ್ತೆ ಎಂದಿನಂತೆ ಜಗಲಿಯಲ್ಲಿ ಕೂತಿದ್ದರು. "ಈ ವಾರ ಹಾಳೆ ಆಗಿಲ್ಲವಂತೆ ಅತ್ತೆ" ಎಂದು ಸುಳ್ಳು ಹೇಳಿ ಕಾಫಿ ಮಾಡಲು ಒಳಗೆ ಹೋದೆ. ಅತ್ತೆಗೆ ತೋರಿಸಬೇಡ ಎಂದು ಚಿತ್ರದವಳಿಗೆ ಹೇಳಿರಲಿಲ್ಲ, ಯಾಕೆಂದರೆ ಹೇಳಿದ್ದರೆ ಕಾರಣವನ್ನೂ ಹೇಳಬೇಕಿತ್ತು. ಕ್ರಮ ಅಂದರೆ ಕ್ರಮ. ಅವಳು ಬ್ಯಾಗಿನಿಂದ ನಾಲ್ಕೂ ಹಾಳೆ ತೆಗೆದು ಅಜ್ಜಿಯ ಮಡಿಲಲ್ಲಿಟ್ಟಿದ್ದಳು.

ನಾನು ಲೋಟ ಹಿಡಿದು ಹೊರಬರುವಾಗ ಅತ್ತೆ ಮೂರನೇ ಹಾಳೆಯಲ್ಲಿದ್ದರು. ಹುಡುಗಿಯ ಮುಖ ಚೌಕದ ತುಂಬ, ಬಾಯಲ್ಲಿ ಹಗ್ಗದ ಗಂಟು, ಕಣ್ಣು ಮಾತ್ರ ಹೊರಗಡೆ ಯಾರಾದರೂ ಬಂದರೇ ಎಂದು ನೋಡುತ್ತಿದೆ. ಅತ್ತೆಯ ಬೆರಳು ಆ ಚೌಕದ ಮೇಲೆ ನಿಂತಿತ್ತು. ಆಮೇಲೆ ನಾಲ್ಕನೆಯದನ್ನೂ ನೋಡಿದರು. ಹಾಳೆಗಳನ್ನು ಅಂಚು ಸೇರಿಸಿ ಜೋಡಿಸಿ ಅವಳ ಕೈಗೆ ಕೊಟ್ಟು, "ಚೆನ್ನಾಗ್ ಬರ್ದಿದ್ದೀಯ ಮಗಾ" ಎಂದರು. ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ.

ಇಬ್ಬರೂ ಹೋದ ಮೇಲೆ ಅಡಿಗೆಮನೆಗೆ ಬಂದು ಬಾಗಿಲ ಹತ್ತಿರ ನಿಂತರು. "ನಂಗೆ ಓದಾಕ್ ಬರಾಕಿಲ್ಲ ಅಂತ ತಾನೆ?" ಎಂದರು. ಅಷ್ಟೇ. ಬೈದಿದ್ದರೆ ನಾನೂ ಏನಾದರೂ ಅಂದು ತಪ್ಪಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮುಂದಿನ ಭಾನುವಾರ ಅತ್ತೆ ಜಗಲಿಗೆ ಬರಲಿಲ್ಲ. ಕನ್ನಡಕ ಸರಿಯಾಗಿ ಕಾಣುತ್ತಿಲ್ಲವೆಂದು ಒಳಗೇ ಉಳಿದರು. ನಾನು ಇಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಡದಿಯವನು ಲ್ಯಾಪ್‌ಟಾಪ್ ಮುಚ್ಚಿದ. "ತಪ್ಪು ಮಾಡ್ಬುಟ್ರಿ ಮೇಡಂ. ಇದು ಅಚ್ಚಾಗಕ್ಕಿಲ್ಲ, ಬುಡಿ. ಆ ಅಣ್ಣ ಇನ್ನೂ ಅವ್ರೆ ಅಂತೀರಿ. ಅವ್ರ ಕೈಗೆ ಸಿಕ್ಕಿದ್ರೆ?" ದೊಡ್ಡಮಾವ ನಾಲ್ಕನೇ ಕ್ಲಾಸು ಓದಿದವರು, ದಿನಾ ಟೀ ಅಂಗಡಿಯಲ್ಲಿ ಪೇಪರನ್ನು ಗಟ್ಟಿಯಾಗಿ ಓದುವವರು. ಚಿತ್ರದವಳು ನಾಲ್ಕೂ ಪುಟ ತೆಗೆದು ಹಳೇ ಕಥೆಯನ್ನೇ ಬರೆಯುತ್ತೇನೆ ಎಂದಳು. ತಿಂಗಳ ಕೆಲಸ ನೀರಿಗೆ ಹೋಗುತ್ತದೆಂದು ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು? ನಾನು ವಾದ ಮಾಡಿದೆ. ಇನ್ನಷ್ಟು ಬದಲಾಯಿಸಿದರೆ ಗೊತ್ತಾಗುವುದಿಲ್ಲ ಎಂದೆ, ಮೇಕೆ ತೆಗೆದು ಕರು ಮಾಡೋಣ ಎಂದೆ. ನನ್ನ ಜೀವಮಾನದ ಒಂದೇ ಒಂದು ಒಳ್ಳೆಯ ಬರಹ ಕೈ ತಪ್ಪುತ್ತಿತ್ತು. ಅವರಿಬ್ಬರೂ ನನ್ನನ್ನು ನೋಡಿದರು. ಆ ನೋಟ ನೋಡಿಯಾದ ಮೇಲೆ ನಾನೂ ತೆಗೆದುಬಿಡಿ ಎಂದೆ.

ಹತ್ತು ದಿನ ಅತ್ತೆ ನನ್ನ ಜೊತೆ ಉಪ್ಪು, ಹುಳಿ, ಖಾರದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹನ್ನೊಂದನೇ ದಿನ ನಾನು ಸ್ಕೂಲಿಗೆ ಹೊರಡುವಾಗ ಬಾಗಿಲಲ್ಲಿ ತಡೆದರು.

"ಆ ಹಾಳೆಗಳ್ನ ತರ್ಸು. ಅಣ್ಣನ ತಾವ್ಕೆ ಹೋಗ್ಬೇಕು."

"ಬೇಡ ಅತ್ತೆ. ಅದನ್ನ ತೆಗೆದು ಹಾಕ್ತಿದೀವಿ. ಪುಸ್ತಕದಲ್ಲಿ ಇರಲ್ಲ" ಎಂದೆ.

"ಪುಸ್ತಕದಿಂದ ತೆಗ್ದಾಕ್ತೀಯ. ನನ್ ತಲೆಯಿಂದ?" ಎಂದರು. "ಅರವತ್ತು ವರ್ಸದ್ ಮೇಲಾಯ್ತು, ಯೋಳಾಕ್ ಬಾಯಿ ಬಂದಿಲ್ಲ. ಹಾಳೆ ಕೈಲಿದ್ರೆ ಬೆರಳಿಟ್ಟು ಯೋಳ್ತೀನಿ. ಅದೇನ್ ಕಷ್ಟ. ನಿನ್ ಅಕ್ಸರ ಮಾತ್ರ ಬ್ಯಾಡ."

ಬಿಡದಿಯವನು ನಾಲ್ಕೂ ಪುಟವನ್ನು ನನ್ನ ಮಾತು ತುಂಬದೆಯೇ ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಸಿಕೊಟ್ಟ. ಅದಕ್ಕೆ ಮೊದಲೇ ಚಿತ್ರದವಳು ಚಿಕ್ಕಪ್ಪನನ್ನು ಮತ್ತೆ ಹದಿಮೂರರ ಅಣ್ಣ ಮಾಡಿಕೊಟ್ಟಿದ್ದಳು. ಅದಕ್ಕಾಗಿ ಅತ್ತೆಯ ಪಕ್ಕ ಕೂತು, ಅಣ್ಣನ ಕಿವಿ ಹೇಗಿತ್ತು, ಶರ್ಟು ಎಂಥದು ಎಂದು ಕೇಳಿ ಕೇಳಿ ಬರೆದುಕೊಂಡಳು. ಶರ್ಟು ಇರಲಿಲ್ಲ ಎಂದರು ಅತ್ತೆ.

ಭಾನುವಾರ ನಾವಿಬ್ಬರೇ ಹೊರಟೆವು. ರಾಮನಗರದಿಂದ ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅತ್ತೆ ಹಾಳೆಗಳನ್ನು ಹಳೇ ಕ್ಯಾಲೆಂಡರಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ಮಾಗಡಿ ದಾಟಿದ ಮೇಲೆ ನಾನು, ನನ್ನದು ತಪ್ಪಾಯಿತು ಎಂದೆ. ಮನೆಯಲ್ಲಿ ಹೇಳಬೇಕಾದದ್ದನ್ನು ಬಸ್ಸಿನ ಗಲಾಟೆಯಲ್ಲಿ ಹೇಳಿದೆ, ಅದೂ ಕಿಟಕಿ ನೋಡುತ್ತಾ. "ಗೊತ್ತು ಬುಡು" ಎಂದರು ಅತ್ತೆ. ತೊಡೆಯ ಮೇಲಿನ ಸುರುಳಿ ಸರಿಮಾಡಿಕೊಂಡು, "ನೀನ್ ಅದ್ನ ಕದ್ದೆ. ನಾನು ಬಚ್ಚಿಟ್ಟೆ. ಇಬ್ರೂ ಒಂದೇ ಮನೇರು" ಎಂದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ದೊಡ್ಡಮಾವ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಂಗಿ ಫೋನು ಮಾಡದೆ ಬಂದದ್ದು ನೋಡಿ ಗಾಬರಿಯಾಗಿ, ಯಾರಿಗೆ ಏನಾಯಿತು ಎಂದರು. ಏನೂ ಇಲ್ಲ, ಕೂತ್ಕೋ ಎಂದರು ಅತ್ತೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಹಾಳೆಗಳನ್ನು ಸಾಲಾಗಿ ಹರಡಿದರು. ದೊಡ್ಡಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ" ಎಂದು ಖಾಲಿ ಬಲೂನನ್ನು ತೋರಿಸಿದರು.

"ನಾನ್ ಓದ್ತೀನಿ, ಕೇಳು" ಎಂದರು ಅತ್ತೆ.

ಅವರು ಓದಿದರು. ಬೆರಳಿಟ್ಟು, ಮೇಲಿಂದ ಕೆಳಕ್ಕೆ, ಒಂದು ಚೌಕವನ್ನೂ ಬಿಡದೆ. ಇದು ನಾನು. ಇದು ನೀನು. ಇಲ್ಲಿ ನೀನ್ ಮರಿ ಕಟ್ದೆ. ಇಲ್ಲಿ ಅದು ಬಂತು. ಇಲ್ಲಿ ನಾನ್ ಓಡ್ದೆ. ನಾನು ಬರೆದಿದ್ದ ಯಾವ ಮಾತೂ ಅವರ ಓದಿನಲ್ಲಿ ಇರಲಿಲ್ಲ, ಬೇಕೂ ಆಗಲಿಲ್ಲ. ಮೂರನೇ ಹಾಳೆಗೆ ಬಂದಾಗ ದನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. "ಇಲ್ಲಿ ನಾನ್ ಹಲ್ನಲ್ಲಿ ಬಿಚ್ತಾ ಇವ್ನಿ. ಬೆರಳ್ಗೆ ಬರ್ಲಿಲ್ಲ ಕಣಣ್ಣಾ. ಅಷ್ಟ್ ಬಿಗೀ ಇತ್ತು." ನಾಲ್ಕನೇ ಹಾಳೆಯಲ್ಲಿ ಏಟಿನ ಚಿತ್ರ. ಅದರ ಮೇಲೆ ಅವರು ಬೆರಳನ್ನಷ್ಟೇ ಇಟ್ಟರು.

ದೊಡ್ಡಮಾವನ ಹೆಂಡತಿ ಕಾಫಿ ಹಿಡಿದು ಬಂದವರು ಅಲ್ಲೇ ನಿಂತರು. ಹೊರಗೆ ಹಸು ಬಕೆಟ್ಟು ಬೀಳಿಸಿದ ಸದ್ದಾಯಿತು, ಯಾರೂ ಎದ್ದು ಹೋಗಲಿಲ್ಲ.

ನನ್ನ ತಲೆಯೊಳಗೆ ಆಗಲೇ ಮುಂದಿನ ಪುಟ ತಯಾರಾಗುತ್ತಿತ್ತು. ಅಣ್ಣ ತಂಗಿಯ ತಲೆ ಸವರುತ್ತಾನೆ, ಬಿಡವ್ವಾ ಹಳೇದು ಅನ್ನುತ್ತಾನೆ, ಇಬ್ಬರೂ ಅಳುತ್ತಾರೆ. ಬರೆಯುವವರ ಕೆಟ್ಟ ಚಾಳಿ ಅದು. ದೊಡ್ಡಮಾವ ತಲೆ ಸವರಲಿಲ್ಲ. ತಂಗಿಯ ಕಡೆ ನೋಡಲೂ ಇಲ್ಲ. ಮೂರನೇ ಹಾಳೆಯನ್ನು ಚಾಪೆಯಿಂದ ಎತ್ತಿ, ಬೆಳಕಿಗೆ ಬಾಗಿಲ ಹತ್ತಿರ ಹೋಗಿ, ಹುಡುಗಿಯ ಹಲ್ಲಿನ ನಡುವಿನ ಆ ಗಂಟನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಗೋಡೆಯ ಮೇಲೆ ಅವರ ಅಪ್ಪನ ಫೋಟೋ ಇತ್ತು, ಒಣಗಿದ ಹಾರ ಹಾಕಿದ್ದು. ಅದರ ಕಡೆ ತಿರುಗಿದರು, ಕೈಯಲ್ಲಿದ್ದ ಹಾಳೆಯನ್ನು ಒಂದಿಷ್ಟು ಮೇಲೆತ್ತಿ, ಮತ್ತೆ ಇಳಿಸಿದರು.

"ಅಪ್ಪ ಇರೋವಾಗ ತಂದಿದ್ರೆ ಆಗಿರೋದವ್ವಾ" ಎಂದರು. "ಈಗ ಇದ್ನ ಯಾರ್ಗ್ ತೋರ್ಸ್ಲಿ?"